ಆಪ್ತಸಲಹೆ ಪ್ರಕರಣ: ಎದೆನೋವು ಮುಚ್ಚಿಟ್ಟ ಪಿ.ಟಿ. ಮಾಸ್ತರರು

(ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ರಾಯಚೂರಿನ ಖಾಸಗಿ ಶಾಲೆಯೊಂದರ ಪಿ.ಟಿ. ಮಾಸ್ತರರು, ನಲವತ್ತರ ಆಸುಪಾಸು. ಕರೆತಂದವರು ಹೆಂಡತಿ. ಬೆಳಿಗ್ಗೆ ಹುಡುಗರ ಜೊತೆ ಓಡುವಾಗ ಎದೆ ಹಿಡಿದುಕೊಳ್ಳುತ್ತದೆ. ಡಾಕ್ಟರರು ಬರೆದುಕೊಟ್ಟ ಇಸಿಜಿ ಚೀಟಿ ಗಾಡಿಯ ಡಿಕ್ಕಿಯಲ್ಲೇ ಮುದುಡಿ ಕೂತಿದೆ. ವಿಭಾಗಮಟ್ಟದ ಪಂದ್ಯದಲ್ಲಿ ತಂಡ ಸೋತ ಮೇಲೆ ನಿದ್ದೆಯೂ ಇಲ್ಲ. "ಮನಿಗೆ ಬಂದ್ರೂ ಗ್ರೌಂಡಿನ್ಯಾಗೇ ಇರ್ತಾರ್ರಿ ಮೇಡಮ್ರ" ಎಂದರು ಆಕೆ.

ರಜೆ ಹಾಕಿ ಎಂದರೆ ಮಾಸ್ತರರದು ಒಂದೇ ಉತ್ತರ: "ರಹೀಂ ಸಾಹೇಬ್ರು ಕ್ಯಾನ್ಸರ್ ಇಟ್ಕೊಂಡು ದೇಶಕ್ಕ ಚಿನ್ನ ಗೆಲ್ಲಿಸಿ ಕೊಟ್ರು. ನಾ ಎದಿನೋವು ಅಂತ ಮನ್ಯಾಗ ಮಕ್ಕೊಬೇಕೇನ್ರಿ?"

ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ 1950ರಿಂದ ಸಾಯುವವರೆಗೆ ಭಾರತ ಫುಟ್‌ಬಾಲ್ ತಂಡದ ಕೋಚ್. ಅವರೂ ಮೊದಲು ಶಾಲಾ ಮಾಸ್ತರರೇ. 1956ರವರೆಗೆ ರಾಯಚೂರೂ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ, ಇವರ ಅಜ್ಜ ಆ ಕಾಲದ ಆಟದ ಕಥೆಗಳನ್ನು ಹೇಳಿ ಬೆಳೆಸಿದ್ದಾರೆ. ಹೀಗಾಗಿ ರಹೀಂ ಇವರಿಗೆ ಮನೆ ಹಿರಿಯರ ಲೆಕ್ಕ. ಆ ಭಕ್ತಿಗೆ ನಾನು ಕೈ ಹಾಕಲಿಲ್ಲ. ಸೋತು ಕೂತ ಮನುಷ್ಯನಿಗೆ ಅದೊಂದೇ ಆಸರೆಯಾಗಿತ್ತು. ರಹೀಂ ಕಥೆಯನ್ನು ಪೂರ್ತಿ ಹೇಳಿ ಎಂದೆ, ಅಷ್ಟೇ.

1951ರ ದೆಹಲಿ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ, 1962ರ ಜಕಾರ್ತದ ಚಿನ್ನ ಪಟಪಟನೆ ಬಂದವು. ನಡುವೆ ಏನಾಯಿತು? 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಎದುರು 10–1ರಲ್ಲಿ ಸೋತದ್ದು ಸ್ವಲ್ಪ ತಡೆದು ಬಂತು. ಹೆಚ್ಚಿನವರು ಬರಿಗಾಲಲ್ಲೇ ಆಡಿದ ಪಂದ್ಯ ಅದು. ಜಕಾರ್ತದಲ್ಲೂ ಮೊದಲ ಪಂದ್ಯವನ್ನು ದಕ್ಷಿಣ ಕೊರಿಯಾಕ್ಕೆ 2–0ರಲ್ಲಿ ಸೋತು, ಅದೇ ಕೊರಿಯಾವನ್ನು ಫೈನಲ್‌ನಲ್ಲಿ 2–1ರಿಂದ ಮಣಿಸಿದ್ದು.

"ಹತ್ತು ಗೋಲು ತಿಂದ ರಾತ್ರಿ ಸಾಹೇಬರು ಏನು ಮಾಡಿರಬಹುದು?" ಎಂದೆ.

ಮಾಸ್ತರರು ಮೊದಲ ಸಲ ನಕ್ಕರು. "ಮಕ್ಕೊಂಡಿರ್ತಾರ್ರಿ."

ಜಕಾರ್ತದ ಚಿನ್ನದ ಒಂಬತ್ತು ತಿಂಗಳಿಗೆ, 1963ರ ಜೂನ್‌ನಲ್ಲಿ ರಹೀಂ ತೀರಿಕೊಂಡರು. 53 ವರ್ಷ. ಆಮೇಲೆ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಭಾರತಕ್ಕೆ ಇವತ್ತಿನವರೆಗೂ ಬಂದಿಲ್ಲ. ಇಷ್ಟು ಹೇಳಿ ಸುಮ್ಮನಾದೆ. "ಹಂಗಾದ್ರ ಗೆದ್ದಿದ್ದು ಕ್ಯಾನ್ಸರೇ ಆತಲ್ರಿ" ಎಂದರು ಹೆಂಡತಿ. ನಾನು ಹೇಳಬೇಕೆಂದಿದ್ದ ಮಾತು ಅದೇ, ಆಕೆಯ ಬಾಯಲ್ಲಿ ಬಂದದ್ದೇ ಒಳ್ಳೆಯದಾಯಿತು.

ಸಲಹೆ ದೊಡ್ಡದೇನಲ್ಲ. ಓಡಿದರೆ ಎದೆ ಹಿಡಿಯುವವರಿಗೆ ಮೊದಲು ಬೇಕಾದವರು ಡಾಕ್ಟರು. ಇಲ್ಲಿಂದ ನೇರ ಆಸ್ಪತ್ರೆಗೇ ಹೋಗಿ, ಅವರು ಹೂಂ ಅನ್ನುವವರೆಗೆ ಓಟ ಬೇಡ ಎಂದೆ. ಬೆಳಗಿನ ಓಟ ಹಳೆಯ ವಿದ್ಯಾರ್ಥಿಯೊಬ್ಬನ ಪಾಲಿಗೆ. ಸೋತ ದಿನ ಹುಡುಗರು ತಿದ್ದಿಕೊಳ್ಳಬೇಕಾದ ಒಂದೇ ಒಂದು ವಿಷಯ ಬರೆದು ನೋಟ್‌ಬುಕ್ ಮುಚ್ಚಬೇಕು, ಪಂದ್ಯದ ವಿಡಿಯೊ ಏನಿದ್ದರೂ ಮರುದಿನ. ಆಡಳಿತ ಮಂಡಳಿ ಸೋಲಿನ ಲೆಕ್ಕ ಕೇಳಿದರೆ, ಚೆಂಡು ಎಷ್ಟು ಕೊಟ್ಟಿರಿ, ಅಭ್ಯಾಸಕ್ಕೆ ಅವಧಿ ಎಷ್ಟು ಬಿಟ್ಟಿರಿ ಎಂದು ಕಾಗದದ ಮೇಲೆ ಕೇಳಿ ಎಂದೆ. ಗುತ್ತಿಗೆ ನೌಕರಿ, ಅದನ್ನು ಒಪ್ಪಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಎರಡನೇ ಸಲ ಬಂದಾಗ ಕೈಯಲ್ಲಿ ಆಸ್ಪತ್ರೆಯ ಫೈಲಿತ್ತು. ಬಿಪಿ ಗುಳಿಗೆ ಶುರುವಾಗಿದೆ. ಓಟವನ್ನು ಹುಡುಗನಿಗೆ ಬಿಟ್ಟುಕೊಟ್ಟಿದ್ದಾರೆ, ಸೀಟಿ ಕೊಟ್ಟಿಲ್ಲವಂತೆ. ರಾತ್ರಿ ವಿಡಿಯೊ ನೋಡುವ ಚಟ ಹಾಗೇ ಇದೆ. ಮುಂದಿನ ಭೇಟಿಯಲ್ಲಿ ಅದರ ಬಗ್ಗೆ ಮಾತಾಡಬೇಕು.