ಅಪ್ಪನೇ ಒಗ್ಗರಣೆ ಹಾಕುವ ಮನೆಯಲ್ಲಿ

ಪ್ರಶ್ನೆ: ಮಗನಿಗೆ ನಾಲ್ಕೂವರೆ ವರ್ಷ. ನಾನು ಬೆಳಗ್ಗೆ ಏಳೂವರೆಗೇ ಡ್ಯೂಟಿಗೆ ಹೊರಡುವುದರಿಂದ ತಿಂಡಿ, ಡಬ್ಬಿ ಎಲ್ಲ ಅವರಪ್ಪನದೇ. ಮೊನ್ನೆ ಪಕ್ಕದ ಮನೆಯ ಹುಡುಗಿ ಅಡುಗೆ ಆಟಕ್ಕೆ ಕರೆದರೆ ಇವನು ‘ಅಡುಗೆ ಹುಡುಗೀರು ಮಾಡೋದು’ ಅಂದುಬಿಟ್ಟ! ಇದನ್ನು ಎಲ್ಲಿಂದ ಕಲಿತ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಟೀವಿಯನ್ನು ಬೈಯುವ ಮೊದಲು ಒಂದು ಕೇಳುತ್ತೇನೆ. ನೆಂಟರು ಬಂದಾಗ ನಿಮ್ಮ ಯಜಮಾನರು ಉಪ್ಪಿಟ್ಟು ತಂದಿಟ್ಟರೆ ಅವರೇನನ್ನುತ್ತಾರೆ? ‘ಅಯ್ಯೋ, ನೀವ್ಯಾಕೆ ಮಾಡೋಕೆ ಹೋದ್ರಿ?’ ಆಮೇಲೆ ನಿಮ್ಮ ಕಡೆ ತಿರುಗಿ ‘ಪುಣ್ಯ ಮಾಡಿದ್ದೆ ಕಣೇ’. ನೀವು ಮಾಡಿದ ದಿನ ಉಪ್ಪಿಟ್ಟಿನ ಸುದ್ದಿಯೇ ಇಲ್ಲ. ಮೂಲೆಯಲ್ಲಿ ಕಾರು ಓಡಿಸುವ ಹುಡುಗ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತಾನೆ. ಅಪ್ಪ ಯಾರದೋ ಕೆಲಸ ಮಾಡಿಕೊಡುತ್ತಿದ್ದಾರೆ ಅಂತ ಅವನ ಲೆಕ್ಕ.

ಶಿವಮೊಗ್ಗದ ಶಿಶುವಿಹಾರವೊಂದರಲ್ಲಿ 26 ವರ್ಷ ಟೀಚರಾಗಿದ್ದವಳು ನಾನು. ‘ಹುಡುಗೀರು ಈ ಕಡೆ, ಹುಡುಗರು ಆ ಕಡೆ’ ಅಂತ ದಿನಕ್ಕೆ ಹತ್ತು ಸಲ ಕೂಗಿದ್ದೇನೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ರೆಬೆಕಾ ಬಿಗ್ಲರ್ ಅವರ ಪ್ರಯೋಗವನ್ನು ಓದಿದ ಮೇಲೆ ನಾಚಿಕೆಯಾಯಿತು. ಅವರು ಮಕ್ಕಳಿಗೆ ನೀಲಿ, ಹಳದಿ ಅಂಗಿ ಹಾಕಿಸಿದರು. ಟೀಚರು ಬಣ್ಣ ಹಿಡಿದು ಕರೆದು, ಗುಂಪು ಮಾಡಿದ ತರಗತಿಗಳಲ್ಲಿ ಕೆಲವೇ ವಾರಕ್ಕೆ ಮಕ್ಕಳಿಗೆ ತಮ್ಮ ಬಣ್ಣದವರೇ ಮೇಲಾಗಿಬಿಟ್ಟರು. ಬಣ್ಣದ ಮಾತೇ ಎತ್ತದ ತರಗತಿಗಳಲ್ಲಿ ಹಾಗಾಗಲಿಲ್ಲ. ಅಂಗಿಯಂತೂ ಎರಡೂ ಕಡೆ ಇತ್ತು!

ಇನ್ನು ವಯಸ್ಸು. ತಾನು ಹುಡುಗನೋ ಹುಡುಗಿಯೋ ಎಂಬುದು ಮಕ್ಕಳಿಗೆ ಮೂರರೊಳಗೇ ಗೊತ್ತಾಗುತ್ತದೆ. ಬಟ್ಟೆ, ಕೂದಲು ಬದಲಾದರೂ ಅದು ಬದಲಾಗದು ಎಂಬ ಧೈರ್ಯ ಬರಲು ಐದಾರು ವರ್ಷ ಬೇಕು. ನನ್ನ ತರಗತಿಯ ಒಬ್ಬನಿಗೆ ಚೌಲಕ್ಕೆ ಮುಂಚೆ ಲಂಗ ಉಡಿಸಿ, ಮೊಗ್ಗಿನ ಜಡೆ ಹಾಕಿ ಫೋಟೊ ತೆಗೆಸಲು ಕರೆದೊಯ್ದಿದ್ದರು. ‘ಬಿಚ್ಚಿ, ನಾನು ಹುಡುಗಿ ಆಗ್ಬಿಡ್ತೀನಿ’ ಎಂದು ಸ್ಟುಡಿಯೋದಲ್ಲಿ ಹೊರಳಾಡಿ ಅತ್ತನಂತೆ. ಈ ಭಯ ಇರುವವರೆಗೆ ಮಕ್ಕಳು ಟ್ರಾಫಿಕ್ ಪೊಲೀಸರ ಹಾಗೆ, ರೂಲ್ಸ್ ಅಂದರೆ ರೂಲ್ಸ್. ಏಳೆಂಟಕ್ಕೆ ಎಷ್ಟೋ ಸಡಿಲವಾಗುತ್ತದೆ. ಗಾಬರಿ ಬೇಡ.

‘ಅಪ್ಪ ನಂಗೆ ಹೆಲ್ಪ್ ಮಾಡ್ತಾರೆ’ ಎಂಬ ಮಾತನ್ನು ಮಾತ್ರ ಇವತ್ತೇ ಬಿಡಿ. ಮಗ ಮತ್ತೆ ಹಾಗಂದರೆ ಭಾಷಣ ಬೇಡ. ‘ಬೆಳಗ್ಗೆ ದೋಸೆ ಹುಯ್ದಿದ್ದು ಯಾರೋ?’ ಅಂದರೆ ಸಾಕು. ಮುಂದಿನ ಮದುವೆಯಲ್ಲಿ ಛತ್ರದ ಹಿಂದೆ ಕರೆದೊಯ್ದು, ಕೊಪ್ಪರಿಗೆಯಲ್ಲಿ ಸಾರು ತಿರುವುವ ಭಟ್ಟರನ್ನು ತೋರಿಸಿ. ಅಲ್ಲಿಂದ ಬಂದು ‘ಅಡುಗೆ ಗಂಡಸರು ಮಾಡೋದು’ ಅಂದನೋ, ಅವನನ್ನು ಅಜ್ಜಿಯ ಕೈಗೆ ಒಪ್ಪಿಸಿ.

ಪ್ರಶ್ನೆ: ಮುದ್ದಿಗೆ ಮಗಳನ್ನು ‘ಬಾರೋ ಮಗನೇ’ ಎಂದು ಕರೆಯುತ್ತೇನೆ. ತಪ್ಪೇ?
– ಒಬ್ಬ ತಂದೆ, ತಿಪಟೂರು

ಉತ್ತರ: ಕರೆಯಿರಿ. ಹಾಗೇ ನಿಮ್ಮ ಮಗನನ್ನೂ ಒಂದು ದಿನ ನೆಂಟರೆದುರು ‘ಬಾರೇ ಮಗಳೇ’ ಎಂದು ಕರೆದು ನೋಡಿ. ಯಾರ್‍ಯಾರು ನಕ್ಕರು, ಅವನು ಎಷ್ಟು ಹೊತ್ತು ಅತ್ತ ಎಂಬುದನ್ನು ನನಗೆ ಬರೆದು ತಿಳಿಸಿ.