ದೇವರ ಶಕ್ತಿಯನ್ನು ನಂಬಿದ ಮೇಲೆ ನಾವು ಮಾಡುವುದೇನು ಉಳಿಯಿತು?

ಜಾಸ್ತಿಯೇ ಉಳಿಯಿತು! ಬೈಬಲಿನ ನೆಹೆಮೀಯನನ್ನು ನೋಡಿ, ಯೆರೂಸಲೇಮ್ ಪಟ್ಟಣದ ಹಾಳಾದ ಗೋಡೆಯನ್ನು ಮತ್ತೆ ಕಟ್ಟಿಸಿದ ನಾಯಕ ಅವನು. ಯೆರೂಸಲೇಮಿನ ಗೋಡೆ ಕಟ್ಟುವಾಗ ಶತ್ರುಗಳು ದಾಳಿಗೆ ಸಂಚು ಹೂಡಿದರು. ಅವನು ಪ್ರಾರ್ಥನೆಯನ್ನೂ ಮಾಡಿದ, ಹಗಲು ರಾತ್ರಿ ಕಾವಲನ್ನೂ ಇಟ್ಟ. ಹೊರೆ ಹೊರುವವರು ಒಂದು ಕೈಯಲ್ಲಿ ಕೆಲಸ ಮಾಡಿದರು, ಇನ್ನೊಂದರಲ್ಲಿ ಆಯುಧ ಹಿಡಿದಿದ್ದರು. 52 ದಿನಗಳಲ್ಲಿ ಗೋಡೆ ಮುಗಿಯಿತು. ಇದು ದೇವರ ಸಹಾಯದಿಂದಲೇ ಆದದ್ದೆಂದು ಶತ್ರುಗಳಿಗೂ ಗೊತ್ತಾಯಿತು. ಆದರೆ ಹೊರೆ ಹೊತ್ತವರು ಮನುಷ್ಯರೇ, ಅಲ್ವಾ?

ಹೀಗೆ ನಮಗೆ ಉಳಿದಿರುವ ಕೆಲಸವೇ ಸೇವೆ. ಆದರೆ ಸೇವೆ ಅಂದರೆ ಚರ್ಚಿನ ವೇದಿಕೆ ಮಾತ್ರ ಅಂತ ಸುಮ್ನೆ ಅಂದುಕೊಳ್ಳುತ್ತೇವೆ. ಏನು ಮಾಡಿದರೂ ಕರ್ತನಿಗೆಂದೇ ಮನಸಾರೆ ಮಾಡಿ ಅನ್ನುವ ಮಾತು ಬೈಬಲಿನಲ್ಲಿ ಕೊಲೊಸ್ಸೆ ಎಂಬ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿದೆ. ಅದನ್ನು ಹೇಳಿದ್ದು ಬೋಧಕರಿಗಲ್ಲ, ದಾಸರಿಗೆ. ಹಾಗಾಗಿ ಹಾಸಿಗೆ ಹಿಡಿದವರ ಬಟ್ಟೆ ಒಗೆಯುವುದೂ, ಯಾರೂ ನೋಡದಿದ್ದಾಗ ಲೆಕ್ಕ ಸರಿಯಾಗಿ ಬರೆಯುವುದೂ ಸೇವೆಯೇ.