1929ರಲ್ಲಿ ಷೇರುಪೇಟೆ ಬಿದ್ದಾಗ, ಷೇರನ್ನೇ ಕೊಳ್ಳದ ಅಮೆರಿಕನ್ನರ ದುಡ್ಡು ಹೇಗೆ ಹೋಯಿತು?

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಆಗ ಅಮೆರಿಕದಲ್ಲಿ ಷೇರು ಕೊಂಡವರು ಕಡಿಮೆ ಜನ. ಉಳಿದವರ ದುಡ್ಡು ಹೋದದ್ದು ಬ್ಯಾಂಕಿನಲ್ಲಿ. 1930ರಿಂದ 1933ರೊಳಗೆ ಸುಮಾರು 9,000 ಬ್ಯಾಂಕುಗಳು ಬಾಗಿಲು ಹಾಕಿದವು.

ಒಂದು ಬ್ಯಾಂಕಿನ ಕತೆ ಹೇಳುತ್ತೇನೆ. ನ್ಯೂಯಾರ್ಕಿನಲ್ಲಿ 'ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್' ಅಂತ ಇತ್ತು. ಹೆಸರು ಕೇಳಿದರೆ ಸರ್ಕಾರದ್ದೇ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಖಾಸಗಿ ಬ್ಯಾಂಕು. ಯುರೋಪಿನಿಂದ ವಲಸೆ ಬಂದು ಬಟ್ಟೆ ಹೊಲಿದು ಬದುಕುತ್ತಿದ್ದ ಯಹೂದಿ ಕುಟುಂಬಗಳು, ಸಣ್ಣ ಅಂಗಡಿಯವರು ಅಲ್ಲಿ ಉಳಿತಾಯ ಇಟ್ಟಿದ್ದರು. 4 ಲಕ್ಷಕ್ಕೂ ಜಾಸ್ತಿ ಖಾತೆಗಳು. 1930ರ ಡಿಸೆಂಬರ್ 10ರಂದು ಬ್ರಾಂಕ್ಸ್ ಶಾಖೆಗೆ ಒಬ್ಬ ವ್ಯಾಪಾರಿ ಬಂದು, ಆ ಬ್ಯಾಂಕಿನದೇ ತನ್ನ ಷೇರು ಮಾರಿಕೊಡಿ ಅಂದನಂತೆ. 'ಒಳ್ಳೆ ಷೇರು, ಇಟ್ಟುಕೊಳ್ಳಿ' ಅಂದರು ಒಳಗಿನವರು. ಅದೇ ಮಾತು ಬೀದಿಗೆ ಬರುವಷ್ಟರಲ್ಲಿ 'ಮಾರಿಕೊಡಲ್ಲ ಅಂದರಂತೆ' ಅಂತ ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಸಾವಿರಾರು ಜನ. ಮರುದಿನ ಇಡೀ ಬ್ಯಾಂಕೇ ಮುಚ್ಚಿತು.

ಅದರ ಲೆಕ್ಕಪತ್ರ ನೆಟ್ಟಗಿರಲಿಲ್ಲ ನಿಜ. ಮುಖ್ಯಸ್ಥರಿಗೆ ಆಮೇಲೆ ಜೈಲೂ ಆಯಿತು. ಆದರೆ ಎಷ್ಟೇ ಗಟ್ಟಿ ಬ್ಯಾಂಕಾದರೂ ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಕೊಡಲು ಆಗುವುದಿಲ್ಲ. ನಾವಿಟ್ಟ ದುಡ್ಡು ತಿಜೋರಿಯಲ್ಲಿ ಸುಮ್ನೆ ಕೂತಿರುವುದಿಲ್ಲ, ಯಾರದೋ ಮನೆ ಸಾಲವಾಗಿಯೋ ಹೊಲದ ಸಾಲವಾಗಿಯೋ ಹೊರಗಿರುತ್ತದೆ. ಹೆದರಿದ ಬ್ಯಾಂಕು ಹೊಸ ಸಾಲ ಕೊಡುವುದಿಲ್ಲ, ಹಳೆಯದನ್ನು ವಸೂಲಿಗೆ ಹಿಡಿಯುತ್ತದೆ. ಅಂಗಡಿ, ಕಾರ್ಖಾನೆ ನಿಲ್ಲುತ್ತವೆ. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ.

ಇನ್ನೊಂದು ಕಾರಣ ಅಲ್ಲಿನ ಕಾನೂನು. ಎಷ್ಟೋ ರಾಜ್ಯಗಳಲ್ಲಿ ಬ್ಯಾಂಕುಗಳು ಶಾಖೆ ತೆರೆಯುವಂತಿರಲಿಲ್ಲ. ಊರಿಗೊಂದು ಪುಟ್ಟ ಬ್ಯಾಂಕು. ಗೋಧಿ ಬೆಲೆ ಬಿದ್ದರೆ ಊರಿನ ಜೊತೆ ಬ್ಯಾಂಕೂ ಮುಳುಗುತ್ತಿತ್ತು. ಪಕ್ಕದ ಕೆನಡಾದಲ್ಲಿ ದೇಶವಿಡೀ ಶಾಖೆಗಳಿದ್ದ ಕೆಲವೇ ದೊಡ್ಡ ಬ್ಯಾಂಕುಗಳು. ಆ ವರ್ಷಗಳಲ್ಲಿ ಅಲ್ಲಿ ಒಂದೂ ಮುಳುಗಲಿಲ್ಲ.

1933ರ ಮಾರ್ಚ್ 4ರಂದು ರೂಸ್‌ವೆಲ್ಟ್ ಅಧ್ಯಕ್ಷರಾದರು. ಎರಡೇ ದಿನಕ್ಕೆ ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಕೊಟ್ಟರು. 12ರ ಭಾನುವಾರ ರಾತ್ರಿ ರೇಡಿಯೋದಲ್ಲಿ, ಬ್ಯಾಂಕು ನಿಮ್ಮ ದುಡ್ಡನ್ನು ಏನು ಮಾಡುತ್ತದೆ ಅಂತ ಮನೆಯವರಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಹಾಸಿಗೆ ಕೆಳಗೆ ಇಡುವುದಕ್ಕಿಂತ ಮತ್ತೆ ತೆರೆದ ಬ್ಯಾಂಕಿನಲ್ಲಿ ಇಡುವುದೇ ಕ್ಷೇಮ ಅಂದರು. ಸೋಮವಾರ ಮತ್ತೆ ಜನ ಸಾಲು ನಿಂತರು, ಈ ಸಲ ದುಡ್ಡು ಕಟ್ಟಲು! ಇಷ್ಟು ವರ್ಷ ಓದಿದರೂ ಈ ಜಾಗಕ್ಕೆ ಬಂದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಯಾಕೆಂದರೆ ದುಡ್ಡು ವಾಪಸ್ ಕೇಳಲು ನಿಲ್ಲುವ ಆ ಇನ್ನೊಂದು ಸಾಲನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಪ್ಪ ನಿವೃತ್ತಿಯ ದುಡ್ಡು ಇಟ್ಟಿದ್ದ ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದ ದಿನ, ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬೆಳಗ್ಗೆ ಆರಕ್ಕೇ ಶಟರ್ ಮುಂದೆ ನಿಂತಿದ್ದರು. ಕೊನೆಗೆ ಕೈ ಹಿಡಿದದ್ದು ಠೇವಣಿ ವಿಮೆಯ, ಅಂದರೆ ಬ್ಯಾಂಕು ಕೈಕೊಟ್ಟರೆ ಇಟ್ಟವರಿಗೆ ಒಂದು ಮಿತಿಯವರೆಗೆ ದುಡ್ಡು ಕೊಡುವ ವಿಮೆಯ, 5 ಲಕ್ಷ. ನಮ್ಮಲ್ಲಿ ಆ ವಿಮೆ ಬಂದದ್ದು 1962ರಲ್ಲಿ. ಅಮೆರಿಕದಲ್ಲಿ 1934ರ ಜನವರಿ 1ರಿಂದಲೇ ಇತ್ತು, ಆಗ ಒಬ್ಬರಿಗೆ 2,500 ಡಾಲರ್‌ವರೆಗೆ. ಆ ವರ್ಷ ವಿಮೆಯಿದ್ದ ಬ್ಯಾಂಕುಗಳಲ್ಲಿ ಮುಳುಗಿದ್ದು ಒಂಬತ್ತೇ ಒಂಬತ್ತು. ಮೊದಲ ಚೆಕ್ಕು ಜುಲೈನಲ್ಲಿ ಇಲಿನಾಯ್ ರಾಜ್ಯದ ಈಸ್ಟ್ ಪಿಯೋರಿಯಾ ಊರಿನ ಒಬ್ಬ ಹೆಂಗಸಿನ ಕೈಗೆ ಬಂತು, 1,250 ಡಾಲರ್.